ಕಿಟಕಿ ಗಾಜಿನ ಮೇಲೆ ಫ್ಯೂಸಿಂಗ್ ಗಾಜು, ಬಳೆ ಚೂರು ಕೂರಿಸಬೇಡಿ: ಹನ್ನೊಂದನೇ ದಿನ ಸೀಳಿದ ಫಲಕ

ಕೈಯಾಡಿಸಿ ನೋಡಲೆಂದೇ ಉಬ್ಬು ಗಾಜಿನ ಫಲಕಗಳನ್ನು ಮನೆಯ ಕಿಲ್ನ್‌ನಲ್ಲಿ (ಗಾಜು ಕರಗಿಸುವ ವಿದ್ಯುತ್ ಗೂಡಿನಲ್ಲಿ) ಮಾಡುವವರು ದಯವಿಟ್ಟು ಇದನ್ನು ಓದಿ. ಒಂದು ಅಡಿ ಚೌಕದ ಫಲಕ. ತಳಕ್ಕೆ 4 ಮಿ.ಮೀ. ಕಿಟಕಿ ಗಾಜು, ಅದರ ಮೇಲೆ ಫ್ಯೂಸಿಂಗ್‌ಗೆ, ಅಂದರೆ ಗಾಜನ್ನು ಬಿಸಿಯಲ್ಲಿ ಬೆಸೆಯುವುದಕ್ಕೆ, ಮಾರುವ 90 ಸಂಖ್ಯೆಯ ಬಣ್ಣದ ಗಾಜಿನ ಗುಂಡುಗಳು, ಅಂಚಿಗೆ ಒಡೆದ ಬಳೆ ಚೂರು. ಕಿಲ್ನ್‌ನಿಂದ ತೆಗೆದಾಗ ಒಂದು ಗೆರೆಯೂ ಇರಲಿಲ್ಲ. ಗೋಡೆಗೆ ಹಾಕಿದ ಹನ್ನೊಂದನೇ ದಿನ, ಯಾರೂ ಮುಟ್ಟದೆಯೇ, ಟಪ್ಪೆಂದು ಸೀಳಿತು. ನೇತುಹಾಕಿದ್ದು ಮಕ್ಕಳ ಕೈಗೆಟಕುವ ಎತ್ತರದಲ್ಲಿ.

ಬಿರುಕು ಹೋದ ದಾರಿಯಲ್ಲೇ ಕಾರಣ ಸಿಗುತ್ತದೆ. ಇಲ್ಲಿ ಅದು ಬಣ್ಣದ ಗುಂಡುಗಳ ಅಂಚು ಹಿಡಿದೇ ಸುತ್ತಿತ್ತು, ಅಂದರೆ ಹೊಂದದ ಗಾಜುಗಳು. ಫ್ಯೂಸಿಂಗ್ ಗಾಜಿನ ಮೇಲಿನ 90, 96 ಎಂಬ ಸಂಖ್ಯೆಗಳು ಬಿಸಿಗೆ ಗಾಜು ಎಷ್ಟು ಹಿಗ್ಗುತ್ತದೆಂಬ ಅಳತೆ. ಕಿಟಕಿ ಗಾಜಿನದು ಸುಮಾರು 85. ತಣಿಯುವಾಗ ಗುಂಡು ಹೆಚ್ಚು ಕುಗ್ಗುತ್ತದೆ, ತಳ ಕಡಿಮೆ. ಎರಡೂ ಬೆಸೆದಿರುವುದರಿಂದ ಎಳೆತ ಒಳಗೇ ಉಳಿಯುತ್ತದೆ. ಬಳೆ ಗಾಜಿನ ಅಳತೆಯಂತೂ ಪೊಟ್ಟಣದ ಮೇಲೆ ಬರೆದಿರುವುದಿಲ್ಲ.

ಎರಡನೇ ತಪ್ಪು ತಣಿಸಿದ ರೀತಿ. ಕಿಲ್ನ್‌ನ ಕಂಟ್ರೋಲರ್‌ನಲ್ಲಿ ಇದ್ದದ್ದು 482 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ನಿಲ್ಲಿಸುವ ಪ್ರೋಗ್ರಾಂ. ಅದು 90ರ ಗಾಜಿಗೆ, ಅದೂ 6 ಮಿ.ಮೀ. ಸಮತಟ್ಟಾದದ್ದಕ್ಕೆ. ಕಿಟಕಿ ಗಾಜಿಗೆ ಅನೀಲಿಂಗ್ (ಒಳಗಿನ ಒತ್ತಡ ಹೋಗುವಂತೆ ನಿಧಾನವಾಗಿ ತಣಿಸುವುದು) ಆಗುವುದು 540–550ರ ಆಸುಪಾಸಿನಲ್ಲಿ. 482ಕ್ಕೆ ಬರುವಷ್ಟರಲ್ಲಿ ಒತ್ತಡ ಒಳಗೆ ಸಿಕ್ಕಿಕೊಂಡಿರುತ್ತದೆ.

ಇಡೀ ಫಲಕ 90ರದ್ದೇ ಆಗಿದ್ದರೂ ಆ ಪ್ರೋಗ್ರಾಂ ಸಾಲದು. ಉಬ್ಬು ಬಂದ ಕಡೆ ದಪ್ಪ, ಉಳಿದ ಕಡೆ ತೆಳು, ಎರಡೂ ಒಂದೇ ವೇಗದಲ್ಲಿ ತಣಿಯುವುದಿಲ್ಲ. ಟ್ಯಾಕ್ ಫ್ಯೂಸ್ ಮಾಡಿದ್ದನ್ನು, ಅಂದರೆ ಪೂರ್ತಿ ಕರಗಿಸದೆ ಉಬ್ಬು ಉಳಿಯುವಂತೆ ಬೆಸೆದದ್ದನ್ನು, ಅತಿ ದಪ್ಪ ಜಾಗದ ಎರಡರಷ್ಟು ದಪ್ಪವೆಂದು ಲೆಕ್ಕ ಹಿಡಿಯಿರಿ. ತಳ 6, ಉಬ್ಬು 3 ಇದ್ದರೆ ಒಟ್ಟು 9, ಅದರ ಎರಡರಷ್ಟು 18 ಮಿ.ಮೀ.: 482ರಲ್ಲಿ 3 ಗಂಟೆ, ಅಲ್ಲಿಂದ 427ರವರೆಗೆ ಗಂಟೆಗೆ 25 ಡಿಗ್ರಿ, 371ರವರೆಗೆ ಗಂಟೆಗೆ 45. ಆತುರಪಟ್ಟು ಮುಚ್ಚಳ ಎತ್ತಬೇಡಿ. ನಡುವೆ ಕರೆಂಟ್ ಹೋದರೂ ಎತ್ತಬೇಡಿ. ಗಾಜು ಒಡೆಯದಿದ್ದರೆ ನಿಧಾನವಾಗಿ ಮತ್ತೆ 482ಕ್ಕೆ ಏರಿಸಿ ಅನೀಲಿಂಗ್ ಮೊದಲಿನಿಂದ ಮಾಡಬಹುದು.

ಹೊಸ ಗಾಜು ತಂದಾಗಲೆಲ್ಲ ಪರೀಕ್ಷೆ ಮಾಡಿ. ತಳದ ಗಾಜಿನ 4 ಸೆಂ.ಮೀ. ಅಗಲದ ಪಟ್ಟಿ, ಮೇಲೆ ಒಂದೊಂದು ಬಣ್ಣದ ಚಿಕ್ಕ ತುಂಡು ಬಿಡಿಬಿಡಿಯಾಗಿ, ಕೊನೆಗೆ ತಳದ್ದೇ ಗಾಜಿನ ಒಂದು ತುಂಡು. ಪೂರ್ತಿ ಕರಗಿಸಿ, ಅನೀಲ್ ಮಾಡಿ, ಅಡ್ಡಡ್ಡ ಹಿಡಿದ ಎರಡು ಪೋಲರೈಸಿಂಗ್ ಹಾಳೆಗಳ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆಗಳ) ನಡುವೆ ಇಟ್ಟು ಬೆಳಕಿಗೆ ಹಿಡಿಯಿರಿ. ಬಣ್ಣದ ತುಂಡಿನ ಸುತ್ತ ಬಿಳಿ ಪ್ರಭೆ ಕಂಡರೆ ಆ ಗಾಜು ಬೇಡ. ತಳದ ತುಂಡಿನ ಸುತ್ತಲೂ ಕಂಡರೆ ಅನೀಲಿಂಗ್ ಸರಿಯಾಗಿಲ್ಲ. ಕಿಟಕಿ ಗಾಜೇ ಬೇಕೆಂದರೆ ಉಬ್ಬುಗಳನ್ನೂ ಅದೇ ಹಾಳೆಯಿಂದ ಕತ್ತರಿಸಿ. ಟಫನ್ಡ್ ಗಾಜು (ಕಾಯಿಸಿ ಗಟ್ಟಿ ಮಾಡಿದ ಗಾಜು) ತರಬೇಡಿ, ಕೊರೆಯ ಹೋದರೆ ಪೂರ್ತಿ ಪುಡಿಯಾಗುತ್ತದೆ.

ಮುಟ್ಟುವ ಫಲಕಕ್ಕೆ ಇನ್ನೊಂದು ಅಪಾಯವಿದೆ. ಗಾಜಿನ ನುಚ್ಚು 700ರ ಆಸುಪಾಸಿನಲ್ಲಿ ಅಂಟಿಕೊಳ್ಳುತ್ತದೆ, ಆದರೆ ಮೊನೆ ಹಾಗೇ ಉಳಿಯುತ್ತದೆ. 90ರ ಗಾಜಿಗೆ 745–760ರಲ್ಲಿ ಹತ್ತು ನಿಮಿಷ ಕೊಟ್ಟರೆ ಅಂಚು ದುಂಡಗಾಗುತ್ತದೆ. ಬೆರಳಿನಿಂದ ಪರೀಕ್ಷಿಸಬೇಡಿ. ಹತ್ತಿಯ ಉಂಡೆಯನ್ನು ಎಲ್ಲ ದಿಕ್ಕಿನಲ್ಲೂ ಎಳೆಯಿರಿ. ಎಳೆ ಸಿಕ್ಕಿದ ಕಡೆಯೆಲ್ಲ ಡೈಮಂಡ್ ಪ್ಯಾಡ್‌ನಿಂದ ನೀರು ಹಾಕಿ ಉಜ್ಜಿ, ಮತ್ತೆ ಹತ್ತಿ ಎಳೆಯಿರಿ. ಹಿಂಬದಿಯ ಕಿಲ್ನ್ ವಾಶ್ (ಗಾಜು ಅಂಟದಂತೆ ಕಿಲ್ನ್‌ನ ತಟ್ಟೆಗೆ ಬಳಿಯುವ ಪುಡಿಯ ಲೇಪ) ಕೆರೆಯುವಾಗ ಎನ್95 ಮಾಸ್ಕ್ ಇರಲಿ, ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಸೀಳಿದ ಫಲಕವನ್ನು ಅಂಟು ಹಾಕಿ ಮತ್ತೆ ಗೋಡೆಗೇರಿಸಬೇಡಿ. ಉಳಿದ ತುಂಡುಗಳಲ್ಲೂ ಅದೇ ಎಳೆತವಿದೆ.