‘ವರ್ಷವಿಡೀ ಹೊರಗಿನ ಕೊಳದಲ್ಲೇ ಇರುತ್ತವೆ’ ಎಂದರೆ ನಂಬಬೇಡಿ

ಹೊರಗಿನ ಕೊಳಕ್ಕೆಂದು ಪೀಕಾಕ್ ಬಾಸ್ ಮೀನಿನ ಮರಿಗಳನ್ನು ಕೊಳ್ಳಲು ಹೊರಟಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಹಣ ಕೊಡಿ. ನಾನು ಹನ್ನೆರಡು ಮರಿ ತಂದಿದ್ದೆ. ಇಂದು ಒಂದೂ ಉಳಿದಿಲ್ಲ.

ಮಾರಿದವನನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ, ಅದನ್ನೂ ಎರಡು ಸಲ ಕೇಳಿದ್ದೆ: ಚಳಿಗಾಲದಲ್ಲಿ ಇವು ಹೊರಗೆ ಬದುಕುತ್ತವೆಯೇ? “ಆರಾಮವಾಗಿ ಇರುತ್ತವೆ ಸರ್. ಬೇಟೆಯಾಡುವ ಮೀನು, ಗಟ್ಟಿ ಜೀವ” ಎಂದ. ಗಟ್ಟಿ ಜೀವ! ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ.

ಬೇಸಿಗೆಯಲ್ಲಿ ಅವನು ಹೇಳಿದ್ದು ನಿಜವೆನಿಸಿತು. ನೀರು 28 ಡಿಗ್ರಿ ಇರುವಾಗ ಸಣ್ಣ ಮೀನು ಬಿಟ್ಟರೆ ಸಾಕು, ನೀರು ಸೀಳಿಕೊಂಡು ಬಂದು ನುಂಗುತ್ತಿದ್ದವು. ಪೆಲೆಟ್ (ಗುಳಿಗೆಯಂಥ ಒಣ ಆಹಾರ) ತಿನ್ನುತ್ತವೆ ಎಂದಿದ್ದ, ಅದು ಸುಳ್ಳಾಯಿತು, ಹತ್ತಿರಕ್ಕೂ ಬರಲಿಲ್ಲ. ಬೆಳವಣಿಗೆಯಲ್ಲಿ ಹಿಂದುಳಿದ ಮೂರು ಮರಿಗಳನ್ನು ದೊಡ್ಡವೇ ತಿಂದು ಹಾಕಿದವು. ಅದು ಅವುಗಳ ಸ್ವಭಾವ, ಸಹಿಸಿಕೊಂಡೆ.

ರಾತ್ರಿಗಳು ತಣ್ಣಗಾಗಿ ನೀರು 20 ಡಿಗ್ರಿಗೆ ಇಳಿದಾಗ ತಿನ್ನುವುದನ್ನೇ ಬಿಟ್ಟವು. ಆಹಾರಕ್ಕೆಂದು ಬಿಟ್ಟ ಮೀನುಗಳು ಅವುಗಳ ಮೂತಿಯ ಮುಂದೆಯೇ ಓಡಾಡುತ್ತಿದ್ದವು. ಕೂಡಲೇ ಅವನಿಗೆ ಸಂದೇಶ ಕಳುಹಿಸಿದೆ. “ಋತು ಬದಲಾಗುವಾಗ ಹಾಗೆಯೇ ಸರ್, ನಾಲ್ಕು ದಿನ ಬಿಡಿ” ಎಂಬ ಉತ್ತರ ಬಂತು. ಬಿಟ್ಟೆ. ಆ ನಾಲ್ಕು ದಿನಗಳಲ್ಲಿ ಮನೆಯೊಳಗಿನ ತೊಟ್ಟಿಗೆ ಹಾಕಿ ಹೀಟರ್ ಇಟ್ಟಿದ್ದರೆ ಉಳಿಯುತ್ತಿದ್ದವೇನೋ. ಅವನ ಮಾತು ಕೇಳಿ ಬಿಟ್ಟೆನಲ್ಲ!

ಐದನೆಯ ದಿನ ನಸುಕಿನಲ್ಲಿ ಥರ್ಮಾಮೀಟರ್ 14 ತೋರಿಸುತ್ತಿತ್ತು. ಆರು ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮೂರು ತಳದಲ್ಲಿ ಓರೆಯಾಗಿ ಬಿದ್ದಿದ್ದವು, ಕೈಯಲ್ಲಿ ಎತ್ತಿದರೂ ಒದ್ದಾಡಲಿಲ್ಲ. ಸಂಜೆಯೊಳಗೆ ಅವೂ ಹೋದವು.

ಚಿತ್ರ ಕಳುಹಿಸಿದೆ. “ಅಮೋನಿಯಾ ಹೆಚ್ಚಾಗಿದೆ ಸರ್.” ಮೀನಿನ ಹೊಲಸಿನಿಂದ ನೀರಿಗೆ ಸೇರುವ ವಿಷ ಅದು. ನೀರು ಪರೀಕ್ಷಿಸಿ ತೋರಿಸಿದೆ, ಸೊನ್ನೆ. “ಹಾಗಾದರೆ ಆಮ್ಲಜನಕ ಸಾಲಲಿಲ್ಲ.” ನೀರಿಗೆ ಗಾಳಿ ಊದುವ ಏರೇಟರ್ ಹಗಲೂ ರಾತ್ರಿ ನಡೆಯುತ್ತಿತ್ತು, ಮೇಲಾಗಿ ನೀರು ತಣ್ಣಗಾದಷ್ಟೂ ಅದರಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ. ಮೀನು ಮಾರಿ ಬದುಕುವವನಿಗೆ ಇಷ್ಟೂ ಗೊತ್ತಿಲ್ಲವೇ? ಕೊನೆಯ ಉತ್ತರ: “ನಾನು ಕೊಟ್ಟಾಗ ಜೀವಂತವಾಗಿದ್ದವಲ್ಲ ಸರ್.”

ಮೊದಲೇ ಓದಬೇಕಾಗಿದ್ದನ್ನು ಆಮೇಲೆ ಓದಿದೆ, ನಾಚಿಕೆಯಾಗುತ್ತದೆ. ಇದು ದಕ್ಷಿಣ ಅಮೆರಿಕದ ಬೆಚ್ಚಗಿನ ನೀರಿನ ನದಿಗಳ ಮೀನು. ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ 1984ರಲ್ಲಿ ಸರ್ಕಾರವೇ ಇದನ್ನು ಕಾಲುವೆಗಳಿಗೆ ಬಿಟ್ಟಿತು. ನೀರು ಸುಮಾರು 15 ಡಿಗ್ರಿಗಿಂತ ಕೆಳಗಿಳಿದರೆ ಸಾಯುವುದರಿಂದ ಆ ರಾಜ್ಯದ ದಕ್ಷಿಣ ಭಾಗದ ಬೆಚ್ಚಗಿನ ಕಾಲುವೆಗಳಾಚೆ ಅದು ನೆಲೆಯೂರಲಿಲ್ಲ. 2010ರ ಜನವರಿಯ ಚಳಿಗೆ ಅಲ್ಲಿಯೂ ರಾಶಿ ರಾಶಿ ಸತ್ತವು.

ನಿಮ್ಮ ಕೊಳದ ನೀರನ್ನು ಚಳಿಗಾಲದ ನಸುಕಿನಲ್ಲಿ ಅಳೆಯಿರಿ. ಈ ಮೀನು ಎಷ್ಟು ಡಿಗ್ರಿ ತಡೆಯುತ್ತದೆ ಎಂದು ಬರೆಸಿಕೊಳ್ಳಿ. ‘ಗಟ್ಟಿ ಜೀವ’ ಎನ್ನುವವನಿಂದ ಕೊಳ್ಳಲೇಬೇಡಿ.

ಇದನ್ನು ಈಗಲೇ ಬರೆಯಲು ಕಾರಣವಿದೆ. ಬೇಸಿಗೆಯಲ್ಲಿ ಸಂತೋಷದಿಂದ ನಾನೇ ಅವನಿಗೆ ಕಳುಹಿಸಿದ್ದ ನನ್ನ ಕೊಳದ ಚಿತ್ರವನ್ನು ಅವನು ಹೊಸ ಮರಿಗಳ ಜಾಹೀರಾತಿಗೆ ಹಾಕಿಕೊಂಡಿದ್ದಾನೆ. ತೆಗೆಯಲು ಹೇಳಿದೆ, ತೆಗೆದಿಲ್ಲ. ಅಂಚಿಗೆ ಕಪ್ಪು ಕಲ್ಲು ಜೋಡಿಸಿದ ಕೊಳ, ಒಂಬತ್ತು ಮೀನು. ಆ ಒಂಬತ್ತೂ ಸತ್ತಿವೆ.