ಔಷಧ ಕಂಪನಿಯ ಹೆಸರು: ಮೊದಲು ಎಂಸಿಎಯೋ, ಟ್ರೇಡ್‌ಮಾರ್ಕೋ?

ಎಂಸಿಎ, ಅಂದರೆ ಕಂಪನಿಗಳನ್ನು ನೋಂದಾಯಿಸುವ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸಾವಿರ ರೂಪಾಯಿ ಕಟ್ಟಿ, ಹೆಸರು ಒಪ್ಪಿಗೆಯಾದರೆ ಹೊಸ ಕಂಪನಿಗೆ 20 ದಿನ ಕಾದಿಡುತ್ತಾರೆ. ಅಗ್ಗ, ಬೇಗ. ಆದರೆ ಮಾತ್ರೆಯ ಸ್ಟ್ರಿಪ್ ಮೇಲೆ ಆ ಹೆಸರು ಅಚ್ಚು ಹಾಕಿಸುವ ಹಕ್ಕು ಅದರಿಂದ ಬರುವುದಿಲ್ಲ. ಇನ್ನೊಬ್ಬರ ನೋಂದಾಯಿತ ಟ್ರೇಡ್‌ಮಾರ್ಕನ್ನು ಹೋಲುತ್ತಿದ್ದರೆ, ಅವರು ನಿಮ್ಮ ಕಂಪನಿ ನೋಂದಣಿಯಾದ 3 ವರ್ಷದೊಳಗೆ ಸರ್ಕಾರಕ್ಕೆ ಅರ್ಜಿ ಹಾಕಿ ಕಂಪನಿಯ ಹೆಸರನ್ನೇ ಬದಲಿಸುವಂತೆ ಆದೇಶ ತರಬಹುದು. ಆಮೇಲೆ ಡ್ರಗ್ ಲೈಸೆನ್ಸ್, ಲೇಬಲ್, ಡಬ್ಬಿ ಎಲ್ಲಕ್ಕೂ ಮತ್ತೆ ಓಡಾಟ.

ಟ್ರೇಡ್‌ಮಾರ್ಕ್ ನಿಧಾನ. ಔಷಧಗಳು ಸೇರುವ 5ನೇ ವರ್ಗದಲ್ಲಿ ಅರ್ಜಿ, ಸಣ್ಣ ಉದ್ದಿಮೆಗೆ ಆನ್‌ಲೈನ್ ಶುಲ್ಕ 4,500 ರೂಪಾಯಿ, ಸಿಕ್ಕರೆ 10 ವರ್ಷ. ಪ್ಯಾರಾಸಿಟಮಾಲ್‌ನಂಥ ಜೆನೆರಿಕ್ ಹೆಸರು (ಔಷಧದ ಸಾಮಾನ್ಯ ಹೆಸರು) ಮಾತ್ರ ಯಾರ ಸ್ವತ್ತೂ ಆಗದು.

ಔಷಧದಲ್ಲಿ ಕೋರ್ಟಿನ ಅಳತೆಗೋಲೂ ಬಿಗಿ. 2001ರ ಪ್ರಕರಣದಲ್ಲಿ ಎರಡೂ ಕಡೆಯ ಕಂಪನಿಗಳ ಹೆಸರಲ್ಲೂ ‘ಕ್ಯಾಡಿಲಾ’ ಇತ್ತು! ಜಗಳ ಮಾತ್ರ ಫಾಲ್ಸಿಗೋ, ಫಾಲ್ಸಿಟ್ಯಾಬ್ ಎಂಬ ಮಲೇರಿಯಾ ಔಷಧಗಳ ಮೇಲೆ. ಹೆಸರು ಗೊಂದಲವಾದರೆ ರೋಗಿಯ ಜೀವಕ್ಕೇ ಕುತ್ತು, ಆದ್ದರಿಂದ ಇಲ್ಲಿ ಹೆಚ್ಚು ಕಟ್ಟುನಿಟ್ಟು ಬೇಕು ಎಂದಿತು ಸುಪ್ರೀಂ ಕೋರ್ಟ್. ಆ ಕಂಪನಿಗಳಲ್ಲೊಂದಾದ ಕ್ಯಾಡಿಲಾ ಹೆಲ್ತ್‌ಕೇರ್ 2022ರಲ್ಲಿ ಹೆಸರು ಬದಲಿಸಿ ಜೈಡಸ್ ಲೈಫ್‌ಸೈನ್ಸಸ್ ಆಯಿತು.

ಬೇರೆಯವರ ಬ್ರ್ಯಾಂಡಿಗೆ ಮಾತ್ರೆ ಮಾಡಿಕೊಡುವವರಾದರೆ ಸದ್ಯಕ್ಕೆ ಎಂಸಿಎ ಸಾಕು. ಸ್ವಂತ ಬ್ರ್ಯಾಂಡ್ ಆದರೆ ಮೊದಲು ಟ್ರೇಡ್‌ಮಾರ್ಕಿನ 5ನೇ ವರ್ಗದಲ್ಲಿ ಹೋಲುವ ಹೆಸರಿದೆಯೇ ಎಂದು ಹುಡುಕಿ, ಆಮೇಲೆ ಎಂಸಿಎಗೆ ಹೋಗಿ.