ವಾರ್ಟ್‌ಹಾಗ್ ಆಟಿಕೆ ಸೆಟ್: ಕೋರೆ ಸರಿ, ಮೊಣಕಾಲು ಸರಿ, ಮರಿ ಮಾತ್ರ ತಪ್ಪು

ಬೆಳಗಾವಿಯ ಖಡೇಬಜಾರಿನಲ್ಲಿ ಆಫ್ರಿಕಾದ ಪ್ರಾಣಿಗಳ ಪ್ಲಾಸ್ಟಿಕ್ ಸೆಟ್ ಕೇಳಿದರೆ ಮೊದಲು ಕೈಗೆ ಬರುವುದು ಸಿಂಹ, ಜಿರಾಫೆ. ಈ ಸೆಟ್ಟಿನಲ್ಲಿರುವುದು ಅಲ್ಲಿನ ಹುಲ್ಲುಗಾವಲಿನ ಹಂದಿ, ವಾರ್ಟ್‌ಹಾಗ್: ಒಂದು ಗಂಡು, ಒಂದು ಹೆಣ್ಣು, ಎರಡು ಮರಿ, ಜೊತೆಗೊಂದು ಮಾಹಿತಿ ಕಾರ್ಡು.

ಗಂಡಿನ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಕಣ್ಣಿನ ಕೆಳಗೆ ಒಂದು ಜೋಡಿ ಗಂಟು, ಕೋರೆಯ ಹತ್ತಿರ ಇನ್ನೊಂದು ಜೋಡಿ. ಹೆಣ್ಣಿಗೆ ಗಂಟುಗಳು ಸಣ್ಣವು. ಆ ವ್ಯತ್ಯಾಸವನ್ನೂ ಬಿಟ್ಟಿಲ್ಲ. ‘ವಾರ್ಟ್’ ಅಂದರೆ ನರಹುಲಿ, ಆದರೆ ಇವು ನರಹುಲಿಯಲ್ಲ, ದಪ್ಪ ಚರ್ಮದ ಉಬ್ಬು. ಗಂಡುಗಳು ತಲೆಗೆ ತಲೆ ಕೊಟ್ಟು ಕಾದಾಡುವಾಗ ಪೆಟ್ಟು ಇವುಗಳ ಮೇಲೆ ಬೀಳುತ್ತದೆ, ಕಣ್ಣು ಉಳಿಯುತ್ತದೆ. ಕೋರೆಗಳಲ್ಲಿ ಮೇಲಿನವು ಉದ್ದ, ಬಾಗಿದವು. ಕೆಳಗಿನವು ಗಿಡ್ಡ, ಆದರೆ ಬಾಯಿ ಮುಚ್ಚಿದಾಗಲೆಲ್ಲ ಮೇಲಿನದಕ್ಕೆ ಉಜ್ಜಿ ಕುಡುಗೋಲಿನಂತೆ ಹರಿತವಾಗುತ್ತವೆ. ಆಟಿಕೆಯಲ್ಲಿ ಎರಡೂ ತಾಗಿಕೊಂಡೇ ಇವೆ. ಇಷ್ಟು ನಿಗಾ ಇಟ್ಟು ಮಾಡಿದವರಿಗೆ ಶಾಬಾಸ್ ಅನ್ನಬೇಕು.

ಹೆಣ್ಣು ಮುಂಗಾಲು ಮಡಚಿ ಮೇಯುವ ಭಂಗಿಯಲ್ಲಿದೆ. ‘ಯಾಕ ಮೊಣಕಾಲೂರಿ ತಿಂತೈತಿ?’ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಕುತ್ತಿಗೆ ಗಿಡ್ಡ, ಹುಲ್ಲು ನೆಲಕ್ಕಂಟಿದ್ದು, ಅದಕ್ಕೆ. ಊರಿರುವುದು ಮೊಣಕಾಲಲ್ಲ, ನಮ್ಮ ಮಣಿಕಟ್ಟಿನ ಜಾಗ. ಅಲ್ಲಿ ಚರ್ಮ ಜಡ್ಡುಗಟ್ಟಿರುತ್ತದೆ.

ಎಡವಿದ್ದು ಮರಿಗಳಲ್ಲಿ. ಮೈಮೇಲೆ ಹಳದಿ ಪಟ್ಟೆ ಬಳಿದಿದ್ದಾರೆ. ಪಟ್ಟೆ ಇರುವುದು ಖಾನಾಪುರದ ಕಾಡಿನಲ್ಲಿರುವ ನಮ್ಮ ಕಾಡುಹಂದಿಯ ಮರಿಗೆ. ವಾರ್ಟ್‌ಹಾಗ್ ಮರಿಗೆ ಹುಟ್ಟಿನಿಂದಲೂ ಪಟ್ಟೆಯಿಲ್ಲ. ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಬೂದುಗಂದು ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಎರಡು ಸಲ ಹಚ್ಚಿ. ಎನಾಮೆಲ್ ಬೇಡ, ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಮೇಲೆ ಅದು ಅಂಟಂಟಾಗಿಯೇ ಉಳಿಯುತ್ತದೆ. ಡಬ್ಬಿಯಲ್ಲಿ ಒತ್ತಿ ಬಾಲ ಸೊಟ್ಟಗಾಗಿದ್ದರೆ ಬಿಸಿನೀರಲ್ಲಿ ಒಂದು ನಿಮಿಷ ಅದ್ದಿ, ನೆಟ್ಟಗೆ ಮಾಡಿ, ಕೂಡಲೇ ತಣ್ಣೀರಿಗೆ ಹಾಕಿ. ಈ ಕೆಲಸ ದೊಡ್ಡವರೇ ಮಾಡಬೇಕು.

ಕಾರ್ಡಿನಲ್ಲಿ ‘ತಾನೇ ಬಿಲ ತೋಡುತ್ತದೆ’ ಎಂದಿದೆ. ಸಾಮಾನ್ಯವಾಗಿ ಅದು ಹೊಕ್ಕು ಮಲಗುವುದು ಆರ್ಡ್‌ವಾರ್ಕ್ ಎಂಬ, ಗೆದ್ದಲು ತಿನ್ನುವ ಆಫ್ರಿಕಾದ ಪ್ರಾಣಿ ತೋಡಿಬಿಟ್ಟ ಬಿಲದಲ್ಲಿ. ಚಪ್ಪಲಿ ಡಬ್ಬಿಗೆ 6 ಸೆಂ.ಮೀ. ತೂತು ಕೊರೆದು ಕೊಡಿ. ಮರಿಗಳು ತಲೆ ಮುಂದಾಗಿ ಒಳಗೆ ಹೋಗಲಿ, ದೊಡ್ಡವು ಹಿಂದಕ್ಕೆ ಸರಿಯುತ್ತ ಹೋಗಲಿ. ಬಾಗಿಲಿಗೆ ಕೋರೆ ಕಾವಲಿರುತ್ತದೆ.

ಗಂಡು ಭುಜದವರೆಗೆ 3.5 ಸೆಂ.ಮೀ. ಇದೆ, ಅಂದರೆ ನಿಜ ಎತ್ತರದ ಸುಮಾರು ಇಪ್ಪತ್ತರಲ್ಲೊಂದು ಪಾಲು. ಪಕ್ಕಕ್ಕೆ ಸಿಂಹ ಕೊಳ್ಳುವುದಾದರೆ ಭುಜದವರೆಗೆ 6 ಸೆಂ.ಮೀ. ಇರುವುದನ್ನು ಅಳೆದು ತನ್ನಿ. ಕೋರೆ, ಬಾಲ ಕಚ್ಚಿದರೆ ಕಿತ್ತುಬರುತ್ತವೆ, 3 ವರ್ಷದೊಳಗಿನವರ ಕೈಗೆ ಕೊಡಬೇಡಿ.